ಭಾನುವಾರದ ನಿಧಾನ ರೈಲು



ಮಗನೋ ಮಗಳೋ ಓದಲೆಂದು ಜರ್ಮನಿಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಭಾನುವಾರ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿಗೆ ನಾಲ್ಕು ಫೋಟೋ ಬರುತ್ತವೆ. ಹೊಳೆಯ ದಂಡೆ, ಬಣ್ಣ ಬಣ್ಣದ ಹಳೆಯ ಮನೆಗಳ ಸಾಲು, ಸೇತುವೆಯ ಮೇಲೆ ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿ ನಿಂತ ಐದು ಜನ. ನೋಡಿದ ಕೂಡಲೇ ಮನೆಯವರಿಗೆ ಸಂತೋಷವಾಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಯೋಚನೆ ಹತ್ತಿಕೊಳ್ಳುತ್ತದೆ. ಪರೀಕ್ಷೆ ಯಾವಾಗಲೋ? ಬ್ಯಾಂಕಿನ ಸಾಲ ಇನ್ನೂ ತೀರಬೇಕಲ್ಲ? ಕಳಿಸಿದ್ದು ಓದುವುದಕ್ಕೆ, ಊರು ಸುತ್ತುವುದಕ್ಕಲ್ಲ ಎಂಬ ಮಾತು ತುದಿನಾಲಿಗೆಯವರೆಗೆ ಬಂದು ನಿಲ್ಲುತ್ತದೆ. ಆ ಮಾತಿನಲ್ಲಿ ಅಕ್ಕರೆ ಇದೆ, ಒಂದಷ್ಟು ನ್ಯಾಯವೂ ಇದೆ. ಆದ್ದರಿಂದಲೇ ಅದಕ್ಕೆ ನಿಧಾನವಾಗಿ, ಕಾರಣ ಕೊಟ್ಟು ಉತ್ತರ ಹೇಳಬೇಕು. ಹೊರದೇಶದಲ್ಲಿ ಓದುವವರು ಗೆಳೆಯರ ಜೊತೆ ಹೋಗಿಬರುವ ಒಂದು ದಿನದ ಪ್ರವಾಸವನ್ನು ಓದಿನ ಲೆಕ್ಕಕ್ಕೇ ಸೇರಿಸಬೇಕು ಎಂಬುದು ನನ್ನ ವಾದ. ಎಲ್ಲ ಪ್ರವಾಸಕ್ಕೂ ಈ ಮಾತು ಸಲ್ಲುವುದಿಲ್ಲ. ಹೋಗುವ ಊರು ಹತ್ತಿರದ್ದಾಗಿರಬೇಕು, ರೈಲು ನಿಧಾನದ್ದಾಗಿರಬೇಕು, ಜೊತೆಗಿರುವವರೆಲ್ಲ ನಮ್ಮ ಹಾಗೆಯೇ ಇರುವವರಾಗಿರಬಾರದು. ಹೀಗೆ ಏಕೆ ಹೇಳುತ್ತೇನೆ ಎಂಬುದನ್ನೇ ಈ ಹೊತ್ತು ಬಿಡಿಸಿ ಹೇಳಲು ನೋಡುತ್ತೇನೆ.

ಜರ್ಮನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ 2023-24ರ ಚಳಿಗಾಲದ ಸೆಮಿಸ್ಟರಿನ ಹೊತ್ತಿಗೆ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಹೊರದೇಶಗಳಿಂದ ಬಂದವರಲ್ಲಿ ಅತಿ ದೊಡ್ಡ ಗುಂಪು ನಮ್ಮವರದೇ. ಇವರಲ್ಲಿ ಹೆಚ್ಚಿನವರು ಎಂಜಿನಿಯರಿಂಗ್, ಕಂಪ್ಯೂಟರ್, ವಿಜ್ಞಾನ ಎಂದು ಹೋದವರು. ಬಹಳಷ್ಟು ಮಂದಿ ಇಂಗ್ಲಿಷಿನಲ್ಲೇ ನಡೆಯುವ ಎಂಎಸ್ ತರಗತಿಗಳಿಗೆ ಸೇರಿದವರು. ಅವರ ವಾರ ಹೇಗಿರುತ್ತದೆ ನೋಡಿ. ಬೆಳಿಗ್ಗೆ ತರಗತಿ, ಆಮೇಲೆ ಪ್ರಯೋಗಾಲಯ, ಸಂಜೆ ಗೋದಾಮಿನಲ್ಲೋ ಹೋಟೆಲಿನಲ್ಲೋ ಪಾರ್ಟ್‌ಟೈಮ್ ಕೆಲಸ, ರಾತ್ರಿ ಹಾಸ್ಟೆಲಿನ ಹಂಚಿಕೊಂಡ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿಸಿ ಅನ್ನ ಸಾರು. ತರಗತಿಯಲ್ಲಿ ಇಂಗ್ಲಿಷ್, ಅಡುಗೆಮನೆಯಲ್ಲಿ ಹಿಂದಿ, ತೆಲುಗು, ಕನ್ನಡ. ಹೀಗೆ ಎರಡು ವರ್ಷ ಕಳೆದು ಪದವಿ ಕೈಗೆ ಬಂದರೂ ಆ ದೇಶದೊಂದಿಗೆ ಮುಖಾಮುಖಿಯೇ ಆಗಿರುವುದಿಲ್ಲ. ಇದು ಹುಡುಗರ ತಪ್ಪಲ್ಲ, ಅವರ ದಿನಚರಿ ಇರುವುದೇ ಹಾಗೆ. ಅದರಲ್ಲಿ ಜರ್ಮನಿ ಎಂಬ ದೇಶ ಒಳಗೆ ಬರುವ ಬಾಗಿಲು ಒಂದೇ, ಅದು ಭಾನುವಾರ. ಆ ದಿನ ಅಂಗಡಿಗಳು ಮುಚ್ಚಿರುತ್ತವೆ. 1919ರ ವೈಮಾರ್ ಸಂವಿಧಾನದ 139ನೆಯ ವಿಧಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ರಕ್ಷಿಸಿತು. ಆ ವಿಧಿಯನ್ನು ಈಗಿನ ಸಂವಿಧಾನವೂ ಹಾಗೆಯೇ ಉಳಿಸಿಕೊಂಡಿದೆ. ಸಾಮಾನು ತರಲೂ ಆಗದ ದಿನದಂದು ಕೋಣೆಯಲ್ಲಿ ಮೊಬೈಲ್ ಹಿಡಿದು ಮಲಗುವುದೋ ರೈಲು ಹತ್ತುವುದೋ ಎಂಬುದೇ ನಿಜವಾದ ಪ್ರಶ್ನೆ. ಓದುವುದೋ ತಿರುಗುವುದೋ ಎಂದು ಕೇಳಿದರೆ ಪ್ರಶ್ನೆಯನ್ನೇ ತಪ್ಪಾಗಿ ಕೇಳಿದಂತೆ.

ಓದುವ ವಯಸ್ಸಿನಲ್ಲಿ ತಿರುಗಾಡುವುದನ್ನು ಆ ದೇಶ ಹಿಂದಿನಿಂದಲೂ ಕಲಿಕೆಯೊಳಗೇ ಸೇರಿಸಿಕೊಂಡಿದೆ. ಬಡಗಿ, ಗಾರೆಕೆಲಸದಂಥ ಕಸುಬು ಕಲಿತ ಯುವಕರು ಕಪ್ಪು ಕಾರ್ಡುರಾಯ್ ಉಡುಪು ತೊಟ್ಟು ಮೂರು ವರ್ಷ ಒಂದು ದಿನ ಊರೂರು ಅಲೆದು ದುಡಿಯುವ ಪದ್ಧತಿ ಅಲ್ಲಿ ಇಂದಿಗೂ ಪೂರ್ತಿ ಅಳಿದಿಲ್ಲ. ಆ ಅವಧಿಯಲ್ಲಿ ಅವರು ಸ್ವಂತ ಊರಿನಿಂದ 50 ಕಿಲೋಮೀಟರಿನ ಒಳಗೆ ಕಾಲಿಡುವಂತಿಲ್ಲ. ಗುರುವಿನ ಹತ್ತಿರ ಕಲಿತದ್ದು ಒಂದು ಕಲಿಕೆ, ಬೇರೆ ಊರಿನಲ್ಲಿ ಅದೇ ಕೆಲಸವನ್ನು ಬೇರೆ ರೀತಿ ಮಾಡುವುದನ್ನು ಕಂಡು ಕಲಿಯುವುದು ಇನ್ನೊಂದು ಕಲಿಕೆ ಎಂಬ ತಿಳಿವಳಿಕೆ ಅದರ ಹಿಂದಿದೆ. ವಿಶ್ವವಿದ್ಯಾಲಯದಲ್ಲಿ ಓದಿದವರ ಚರಿತ್ರೆಯಲ್ಲೂ ಇದೇ ಕಾಣುತ್ತದೆ. 1789ರ ಶರತ್ಕಾಲದಲ್ಲಿ ಗೊಟಿಂಗೆನ್‌ನಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಹುಡುಗನೊಬ್ಬ ಡಚ್ ದೇಶದ ವೈದ್ಯಕೀಯ ವಿದ್ಯಾರ್ಥಿಯೊಬ್ಬನನ್ನು ಜೊತೆ ಮಾಡಿಕೊಂಡು ರೈನ್ ನದಿಯ ಕಡೆಗೆ ಹೊರಟ. ಮುಂದೆ ಹೆಸರುವಾಸಿ ವಿಜ್ಞಾನಿಯಾದ ಆ ಹುಡುಗನ ಹೆಸರು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ನದಿಯ ದಂಡೆಯಲ್ಲಿ ಬಸಾಲ್ಟ್ ಎಂಬ ಕರಿಕಲ್ಲಿನ ಗಣಿಗಳನ್ನು ನೋಡಿದ. ಈ ಕಲ್ಲು ನೀರಿನಲ್ಲಿ ಕೆಳಗೆ ಕೂತು ಗಟ್ಟಿಯಾದದ್ದೋ, ಜ್ವಾಲಾಮುಖಿಯ ಬೆಂಕಿಯಲ್ಲಿ ಹುಟ್ಟಿದ್ದೋ ಎಂಬ ಜಗಳ ಆಗ ಯುರೋಪಿನ ಪಂಡಿತರ ನಡುವೆ ಜೋರಾಗಿತ್ತು. ಮರುವರ್ಷ, 1790ರಲ್ಲಿ, ಆ ಕಲ್ಲುಗಳ ಬಗ್ಗೆ ಅವನ ಮೊದಲ ಪುಸ್ತಕ ಬಂತು. ಅದರಲ್ಲಿ ಅವನು ವಾಲಿದ್ದು ನೀರಿನ ವಾದದ ಕಡೆಗೆ, ಅಂದರೆ ತಪ್ಪಿನ ಕಡೆಗೆ. ಮುಂದೆ ದಕ್ಷಿಣ ಅಮೆರಿಕದ ಜ್ವಾಲಾಮುಖಿಗಳನ್ನು ಕಣ್ಣಾರೆ ಕಂಡವನು ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡ. ಈ ತಪ್ಪು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಒಂದು ಸಣ್ಣ ಪ್ರವಾಸದಿಂದ ಸರಿಯುತ್ತರ ಸಿಗಲಿಲ್ಲ. ಜೀವಮಾನವಿಡೀ ಬೆನ್ನು ಬಿಡದ ಪ್ರಶ್ನೆಯೊಂದು ಸಿಕ್ಕಿತು. ಅದೇ ಗೊಟಿಂಗೆನ್‌ನಲ್ಲಿ ಕಾನೂನು ಓದುತ್ತಿದ್ದ ಕವಿ ಹೈನ್ರಿಶ್ ಹೈನೆ 1824ರಲ್ಲಿ ಹಾರ್ಟ್ಸ್ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರೆದ ಪ್ರವಾಸ ಕಥನ ಜರ್ಮನ್ ಗದ್ಯದಲ್ಲಿ ಇವತ್ತಿಗೂ ನಿಂತಿದೆ. ನಮ್ಮಲ್ಲೂ ಆಕ್ಸ್‌ಫರ್ಡಿಗೆ ಓದಲು ಹೋದ ವಿನಾಯಕ ಕೃಷ್ಣ ಗೋಕಾಕರಿಂದ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಸಾಹಿತ್ಯದ ಪುಸ್ತಕ ಕನ್ನಡಕ್ಕೆ ದಕ್ಕಿತು.

ಹಂಬೋಲ್ಟ್, ಹೈನೆ, ಗೋಕಾಕರಂಥವರ ಮಾತು ಬೇರೆ, ನಮ್ಮ ಹುಡುಗರು ನೋಡುವುದಾದರೂ ಏನನ್ನು ಎಂದು ಕೇಳಬಹುದು. ಒಂದೇ ಊರನ್ನು ಹತ್ತಿರದಿಂದ ನೋಡೋಣ. ಸ್ಟುಟ್‌ಗಾರ್ಟ್ ಬೆಂಗಳೂರಿನವರಿಗೆ ಅಪರಿಚಿತ ಹೆಸರಲ್ಲ. ಆಡುಗೋಡಿಯಲ್ಲಿದ್ದ ಮೈಕೋ ಕಾರ್ಖಾನೆಯ ಮೂಲಸಂಸ್ಥೆ ಬಾಷ್ ಹುಟ್ಟಿದ ನಗರ ಅದು. ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಟ್ಯೂಬಿಂಗೆನ್ ಎಂಬ ಸಣ್ಣ ಊರು ಸಿಗುತ್ತದೆ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ, ನೆಕ್ಕರ್ ಹೊಳೆ, ಹೊಳೆಯ ನಡುವಿನ ನಡುಗಡ್ಡೆಯಲ್ಲಿ ಸಾಲುಮರದ ದಾರಿ. ಹೊಳೆಯಲ್ಲಿ ಉದ್ದನೆಯ ಚಪ್ಪಟೆ ತಳದ ದೋಣಿಗಳು; ಹಿಂಬದಿಯಲ್ಲಿ ಒಬ್ಬ ನಿಂತು ಉದ್ದದ ಗಳುವನ್ನು ತಳಕ್ಕೆ ಊರಿ ತಳ್ಳುತ್ತಾನೆ. ದಂಡೆಗೆ ತಾಗಿದಂತೆ ಒಂದು ಹಳದಿ ಗೋಪುರವಿದೆ. ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕವಿ ಹೋಲ್ಡರ್ಲಿನ್ 1807ರಿಂದ ತೀರಿಕೊಂಡ 1843ರವರೆಗೆ, ಮೂವತ್ತಾರು ವರ್ಷ, ಬಡಗಿಯೊಬ್ಬನ ಕುಟುಂಬದ ಆರೈಕೆಯಲ್ಲಿ ಅಲ್ಲಿ ಬದುಕಿದ. ಫೋಟೋದಲ್ಲಿ ಬರುವುದು ಇಷ್ಟೇ. ಆದರೆ ಸೇತುವೆ ದಾಟಿ ಕಲ್ಲು ಹಾಸಿದ ಓಣಿಗಳನ್ನು ಹತ್ತಿ ಗುಡ್ಡದ ಮೇಲಿನ ಕೋಟೆಗೆ ಹೋದರೆ ಅಲ್ಲಿ ಹಿಂದಿನ ಕಾಲದ ಅಡುಗೆಮನೆಯೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಶ್ವವಿದ್ಯಾಲಯ ಅದನ್ನು ಪ್ರಯೋಗಾಲಯ ಮಾಡಿಕೊಂಡಿತ್ತು. 1869ರಲ್ಲಿ ಫ್ರೀಡ್ರಿಶ್ ಮೀಷರ್ ಎಂಬ ಇಪ್ಪತ್ತೈದರ ಆಸುಪಾಸಿನ ಸ್ವಿಸ್ ಯುವಕ ಅಲ್ಲಿ ಕೆಲಸ ಮಾಡುತ್ತಿದ್ದ. ಊರಿನ ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿದ ಬಟ್ಟೆಗಳನ್ನು ತರಿಸಿ, ಅದರಲ್ಲಿ ಹತ್ತಿದ ಕೀವನ್ನು ತೊಳೆದು, ಕೀವಿನ ಬಿಳಿ ರಕ್ತಕಣಗಳಿಂದ ಕೋಶಕೇಂದ್ರಗಳನ್ನು ಬೇರ್ಪಡಿಸಿ, ಅದುವರೆಗೆ ಯಾರೂ ಕಾಣದಿದ್ದ ವಸ್ತುವೊಂದನ್ನು ಹೊರತೆಗೆದ. ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟ. ಇವತ್ತು ನಾವು ಡಿಎನ್ಎ ಎನ್ನುವುದು ಅದನ್ನೇ. ಬಯೋಟೆಕ್ನಾಲಜಿ ಓದುವ ಹುಡುಗಿಯೊಬ್ಬಳು ಆ ಕಮಾನು ಚಾವಣಿಯ ಕೋಣೆಯಲ್ಲಿ ಐದು ನಿಮಿಷ ನಿಂತರೆ ತಾನು ಓದುವ ಶಾಸ್ತ್ರದ ಬುಡದಲ್ಲಿ ನಿಂತಂತೆ. ಅವಳ ಜೊತೆ ಬಂದವನು ಕಂಪ್ಯೂಟರ್ ವಿದ್ಯಾರ್ಥಿಯಾಗಿದ್ದರೆ ಅವನಿಗೂ ಈ ಊರಿನಲ್ಲಿ ಪಾಲಿದೆ. 1623ರಲ್ಲಿ ಇಲ್ಲಿನ ಹೀಬ್ರೂ ಪ್ರಾಧ್ಯಾಪಕ ವಿಲ್ಹೆಲ್ಮ್ ಶಿಕಾರ್ಡ್ ಲೆಕ್ಕ ಮಾಡುವ ಯಂತ್ರವೊಂದನ್ನು ರೂಪಿಸಿ, ಅದರ ವಿವರವನ್ನು ಖಗೋಳ ವಿಜ್ಞಾನಿ ಕೆಪ್ಲರ್‌ಗೆ ಪತ್ರದಲ್ಲಿ ಬರೆದ. ಕೆಪ್ಲರ್ ಸ್ವತಃ ಇದೇ ವಿಶ್ವವಿದ್ಯಾಲಯದಲ್ಲಿ ಓದಿದವನು. ಅವನಿಗೆಂದು ಮಾಡಿಸುತ್ತಿದ್ದ ಯಂತ್ರ ಬೆಂಕಿಗೆ ಆಹುತಿಯಾಯಿತು, ಪತ್ರಗಳು ಉಳಿದವು.

ಕನ್ನಡಿಗರಾದ ನಮಗೆ ಈ ಊರು ಇನ್ನೂ ಹತ್ತಿರದ್ದು. ಮಂಗಳೂರಿನಿಂದ 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರಿಗೆ ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ಫರ್ಡಿನಾಂಡ್ ಕಿಟೆಲರಿಗೆ 1896ರಲ್ಲಿ ಅದೇ ಗೌರವ ಕೊಟ್ಟದ್ದೂ ಅದೇ. ಕಿಟೆಲರು 1903ರಲ್ಲಿ ತೀರಿಕೊಂಡದ್ದು ಕೂಡ ಟ್ಯೂಬಿಂಗೆನ್‌ನಲ್ಲೇ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯ ಪಕ್ಕದಲ್ಲೇ ಓಡಾಡಿದ ಹುಡುಗ ಸ್ಟುಟ್‌ಗಾರ್ಟಿನಲ್ಲಿ ಎರಡು ವರ್ಷ ಇದ್ದು, ಆ ಪ್ರತಿಮೆಯ ಮನುಷ್ಯ ಕೊನೆಯುಸಿರೆಳೆದ ಊರು ಒಂದು ಗಂಟೆಯ ದಾರಿಯಲ್ಲಿದೆ ಎಂದು ತಿಳಿಯದೆಯೇ ಮರಳಿ ಬಂದರೆ ಅದು ದುಃಖದ ಸಂಗತಿ ಎಂದೇ ನಾನು ತಿಳಿಯುತ್ತೇನೆ. ಇನ್ನು ಕೋಟೆಯ ಪ್ರಯೋಗಾಲಯದ ಮೀಷರ್ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ. ಕರಾವಳಿಯವರಿಗೆ ಬಾಸೆಲ್ ಎಂದೊಡನೆ ನೆನಪಾಗುವುದು ಮಿಶನ್ನು, ಹೆಂಚು, ಅಚ್ಚುಕೂಟ. ಡಿಎನ್ಎ ಕಂಡುಹಿಡಿದವನೂ ಕನ್ನಡ ನಿಘಂಟು ಕಟ್ಟಿದವರೂ ನಡೆದದ್ದು ಈ ಒಂದೇ ಊರಿನ ಓಣಿಗಳಲ್ಲಿ. ಸಣ್ಣ ಊರಿಗೆ ಹೋಗಿ ಎಂದು ನಾನು ಹೇಳುವುದು ಇದಕ್ಕೇ. ಪ್ಯಾರಿಸ್ಸಿನಲ್ಲಿ ಗೋಪುರದ ಮುಂದೆ ಸಾಲು ನಿಲ್ಲುವುದರಲ್ಲೇ ದಿನ ಮುಗಿಯುತ್ತದೆ. ಸಣ್ಣ ಊರು ಕಾಲ್ನಡಿಗೆಗೆ ದಕ್ಕುತ್ತದೆ, ದಕ್ಕಿದ್ದು ತಲೆಯಲ್ಲಿ ಉಳಿಯುತ್ತದೆ.

ಗೆಳೆಯರು ಏಕೆ ಬೇಕು, ಒಬ್ಬರೇ ಹೋದರಾಗದೇ? ಮೊದಲ ಕಾರಣ ತೀರಾ ವ್ಯಾವಹಾರಿಕ. ಜರ್ಮನಿಯ ಒಂದೊಂದು ರಾಜ್ಯಕ್ಕೂ ಒಂದು ದಿನದ ಟಿಕೆಟ್ ಇದೆ. ಗರಿಷ್ಠ ಐದು ಜನ ಒಂದೇ ಟಿಕೆಟಿನಲ್ಲಿ ದಿನವಿಡೀ ಆ ರಾಜ್ಯದ ಪ್ಯಾಸೆಂಜರ್ ರೈಲುಗಳಲ್ಲಿ ಓಡಾಡಬಹುದು. ಜನ ಸೇರಿದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಹಾಗಾಗಿ ನಾಲ್ಕು ಜನ ಹೊರಟಾಗ ಐದನೆಯವರನ್ನು ಹುಡುಕುತ್ತಾರೆ, ಆ ಐದನೆಯವರು ಎಷ್ಟೋ ಸಲ ಪಕ್ಕದ ಕೋಣೆಯ ಕೊಲಂಬಿಯಾದವಳೋ ಇರಾನಿನವನೋ ಆಗಿರುತ್ತಾರೆ. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಒಂದೇ ಬೀದಿಯನ್ನು ಐವರು ಐದು ರೀತಿ ನೋಡುತ್ತಾರೆ. ಸಿವಿಲ್ ಓದುವವನ ಕಣ್ಣು ಹಳೆಯ ಮನೆಯ ಮರದ ಚೌಕಟ್ಟಿಗೂ ನಡುವೆ ತುಂಬಿದ ಮಣ್ಣಿಗೂ ಹೋಗುತ್ತದೆ. ಯುದ್ಧ ಕಂಡ ದೇಶದಿಂದ ಬಂದವನಿಗೆ ಮೊದಲು ಕಾಣುವುದು ಈ ಊರು ಬಾಂಬಿಗೆ ಹೆಚ್ಚಾಗಿ ಸಿಗದೆ ಹೇಗೆ ಉಳಿದಿದೆ ಎಂಬುದು. ಊಟದ ಹೊತ್ತಿಗಂತೂ ಪಾಠ ತಾನಾಗಿ ಶುರುವಾಗುತ್ತದೆ. ಆ ಸೀಮೆಯ ಹೆಸರುವಾಸಿ ತಿಂಡಿ ಮೌಲ್‌ಟಾಶೆನ್, ನಮ್ಮ ಕಡುಬಿನ ಹಾಗೆ ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿದ್ದು. ನೋಡಿದರೆ ಸೊಪ್ಪಿನ ಹೂರಣದಂತೆ ಕಂಡರೂ ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಮಾಂಸ ಬೀಳದಿರಲೆಂದೇ ಹೀಗೆ ಮುಚ್ಚಿದರು ಎಂದು ಅಲ್ಲಿಯವರೇ ಕಥೆ ಹೇಳುತ್ತಾರೆ. ಚೀಸ್ ಹಾಕಿದ ಸ್ಪೆಟ್ಸ್‌ಲೆ ಎಂಬ ತಿಂಡಿಯಲ್ಲಿ ಮಾಂಸವಿಲ್ಲ, ಆದರೆ ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿರುತ್ತಾರೆ. ಮೊಟ್ಟೆ ತಿನ್ನದ ಶಿವಮೊಗ್ಗದ ಹುಡುಗಿ, ಹಂದಿ ಮಾಂಸ ಮುಟ್ಟದ ಇರಾನಿನ ಹುಡುಗ, ಎಲ್ಲವನ್ನೂ ತಿನ್ನುವ ಕೊಲಂಬಿಯಾದವಳು, ಮೂವರೂ ಸೇರಿ ಬಡಿಸುವವನನ್ನು ತಮ್ಮ ಅರ್ಧಂಬರ್ಧ ಜರ್ಮನ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕು. ಭಾಷೆಯ ತರಗತಿಯಲ್ಲಿ ಆರು ವಾರಕ್ಕೆ ಬಾರದ ವಾಕ್ಯ ಹಸಿವಿನ ಹೊತ್ತಿಗೆ ಆರು ನಿಮಿಷಕ್ಕೆ ಬರುತ್ತದೆ.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು ದುಡ್ಡು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತು ಎಲ್ಲ ಕಡೆಗೂ ಸಲ್ಲದು. ನಾನು ಹೇಳುತ್ತಿರುವ ಸ್ಟುಟ್‌ಗಾರ್ಟ್, ಟ್ಯೂಬಿಂಗೆನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನಿಂದ ಬಂದವರು 2017ರಿಂದ ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕಾಗಿದೆ. ವೀಸಾಕ್ಕೆಂದು ಬ್ಯಾಂಕಿನಲ್ಲಿ ಮೊದಲೇ ತುಂಬಿ ತೋರಿಸಬೇಕಾದ ಹಣ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಬಾಡಿಗೆ, ವಿಮೆ, ಊಟ ಎಲ್ಲ ಇದರಲ್ಲೇ ತೂಗಬೇಕು. ಊರಿನಲ್ಲಿ ಜಮೀನಿನ ಪತ್ರ ಬ್ಯಾಂಕಿನಲ್ಲಿರುವಾಗ ಒಂದೊಂದು ಯೂರೋಗೂ ಲೆಕ್ಕ ಕೇಳುವುದು ತಪ್ಪಲ್ಲ. ಆ ಲೆಕ್ಕವನ್ನೇ ಹಾಕಿ ನೋಡೋಣ. ಇಡೀ ದೇಶದ ಪ್ಯಾಸೆಂಜರ್ ರೈಲು, ಬಸ್ಸು, ಟ್ರಾಮುಗಳಿಗೆ ಸಲ್ಲುವ ಮಾಸಿಕ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58ಕ್ಕೆ ಏರಿತು. ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇದು ರಿಯಾಯಿತಿ ದರದಲ್ಲಿ ಸೆಮಿಸ್ಟರ್ ಶುಲ್ಕದ ಜೊತೆಗೇ ಬಂದುಬಿಡುತ್ತದೆ. ದಿನಾ ಕಾಲೇಜಿಗೆ ಹೋಗಲು ಹೇಗೂ ಕೊಂಡಿರುವ ಟಿಕೆಟ್ ಅದು. ಭಾನುವಾರ ಅದರಲ್ಲೇ ಟ್ಯೂಬಿಂಗೆನ್‌ಗೆ ಹೋಗಿಬಂದರೆ ರೈಲಿಗೆ ಬೇರೆ ಖರ್ಚಿಲ್ಲ; ಅದಿಲ್ಲದವರಿಗೆ ಆಗಲೇ ಹೇಳಿದ ಐವರ ದಿನದ ಟಿಕೆಟ್ ಇದೆ. ಡಬ್ಬಿಯಲ್ಲಿ ಪುಳಿಯೋಗರೆ, ಚಪಾತಿ ಕಟ್ಟಿಕೊಂಡರೆ ಊಟಕ್ಕೂ ಇಲ್ಲ. ನಿಧಾನ ರೈಲು ಎಂದು ನಾನು ಒತ್ತಿ ಹೇಳುವುದು ಇದಕ್ಕೂ ಹೌದು: ಈ ಟಿಕೆಟ್ ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ದುಡ್ಡು ಹಾಳಾಗುವುದು ಏಳು ದಿನದಲ್ಲಿ ಆರು ರಾಜಧಾನಿ ತೋರಿಸುವ ದೊಡ್ಡ ಪ್ರವಾಸದಲ್ಲಿ. ಅದರ ಬಗ್ಗೆ ತಂದೆತಾಯಿ ಆಕ್ಷೇಪಿಸಿದರೆ ನಾನು ಅವರ ಪಕ್ಷವೇ.

ಎರಡನೆಯದು ಸಮಯ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು 2024ರಿಂದ ಅವಕಾಶವಿದೆ. ಓದಿನ ಜೊತೆ ಅಷ್ಟು ದುಡಿದವರಿಗೆ ಭಾನುವಾರ ನಿದ್ದೆಯೇ ದೊಡ್ಡ ಪ್ರವಾಸ ಅನ್ನಿಸಿದರೆ ಆಶ್ಚರ್ಯವಿಲ್ಲ. ಪ್ರತಿ ವಾರ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಸೆಮಿಸ್ಟರಿಗೆ ಮೂರೋ ನಾಲ್ಕೋ ಸಲವಾದರೂ ಸಾಕು. ಪರೀಕ್ಷೆಯ ವಾರ ಕೋಣೆಯಲ್ಲೇ ಇರಲಿ. ಆದರೆ ಮೋಡ ಕವಿದ, ಮಧ್ಯಾಹ್ನ ನಾಲ್ಕೂವರೆಗೆ ಕತ್ತಲಾಗುವ ಡಿಸೆಂಬರಿನಲ್ಲಿ ಒಂಟಿ ಕೋಣೆಯಲ್ಲಿ ಕೂತು ಉಳಿಸಿದ ಗಂಟೆಗಳೆಲ್ಲ ಓದಿಗೇ ಹೋಗುತ್ತವೆ ಎಂದು ನಂಬಲು ನನಗೆ ಸಾಧ್ಯವಿಲ್ಲ. ಒಂಟಿತನ ಆ ಗಂಟೆಗಳನ್ನು ತಿಂದುಹಾಕುತ್ತದೆ. ಊರಿನ ಸುದ್ದಿ ಬಂದಾಗ, ಜ್ವರ ಬಂದು ಮಲಗಿದಾಗ, ಮನೆ ಖಾಲಿ ಮಾಡಬೇಕಾಗಿ ಬಂದಾಗ ಬಾಗಿಲು ತಟ್ಟಬಹುದಾದ ಒಂದು ಕೋಣೆ ಬೇಕು. ಆ ಸಲಿಗೆ ತರಗತಿಯಲ್ಲಿ ಅಕ್ಕಪಕ್ಕ ಕೂತಷ್ಟಕ್ಕೆ ಬೆಳೆಯದು. ತಪ್ಪು ಪ್ಲಾಟ್‌ಫಾರ್ಮಿಗೆ ಓಡಿ, ತಪ್ಪಿದ ರೈಲಿಗೆ ಒಂದು ಗಂಟೆ ಕಾದು, ಉಳಿದ ಒಂದು ಚಪಾತಿಯನ್ನು ಹಂಚಿಕೊಂಡು ತಿಂದವರ ನಡುವೆ ಬೆಳೆಯುತ್ತದೆ.

ಹೋಗುವುದೆಲ್ಲ ಫೋಟೋಕ್ಕಾಗಿ ಎನ್ನುವವರಿದ್ದಾರೆ. ಅರ್ಧ ನಿಜ. ಫೋಟೋ ತೆಗೆದುಕೊಳ್ಳಲಿ, ಮನೆಯವರಿಗೆ ಕಳಿಸಲಿ. ದೂರದಲ್ಲಿರುವ ಮಗಳು ನಗುತ್ತಿದ್ದಾಳೆ ಎಂದು ತಿಳಿಯುವುದೂ ಸಣ್ಣ ಸಮಾಧಾನವಲ್ಲ. ಹೊರಡುವ ಮುನ್ನ ಅರ್ಧ ಗಂಟೆ ಆ ಊರಿನ ಬಗ್ಗೆ ಓದಿಕೊಂಡು ಹೋದರೆ ಫೋಟೋದ ಹಿಂದೆ ಒಂದು ಕಥೆ ನಿಲ್ಲುತ್ತದೆ. ಕನ್ನಡದವರೇ ಗುಂಪು ಕಟ್ಟಿಕೊಂಡು ಹೋಗಿ ಕನ್ನಡದಲ್ಲೇ ಹರಟಿ ಬಂದರೆ ಏನು ಕಲಿತಂತಾಯಿತು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ವಾರವಿಡೀ ಪರಭಾಷೆಯಲ್ಲಿ ಕಳೆದವರಿಗೆ ಒಂದು ದಿನ ತಮ್ಮ ಮಾತು ಬೇಕು, ಅದನ್ನು ನಾನು ಕಿತ್ತುಕೊಳ್ಳಲಾರೆ. ಆದರೆ ಐದು ಜನರಲ್ಲಿ ಇಬ್ಬರಾದರೂ ಬೇರೆಯವರಿದ್ದರೆ, ಕಿಟೆಲ್ ಯಾರು ಎಂದು ಅವರಿಗೆ ವಿವರಿಸಬೇಕಾಗುತ್ತದೆ. ಜರ್ಮನಿಯವನೊಬ್ಬ ಕನ್ನಡಕ್ಕೆ ನಿಘಂಟು ಬರೆದ ಎಂದಾಗ ಕನ್ನಡ ಎಂದರೇನು, ಎಷ್ಟು ಹಳೆಯದು, ಎಷ್ಟು ಜನ ಆಡುತ್ತಾರೆ ಎಂಬ ಪ್ರಶ್ನೆಗಳು ಬರುತ್ತವೆ. ಉತ್ತರ ಗೊತ್ತಿಲ್ಲದ ಹುಡುಗ ಆ ರಾತ್ರಿ ಹುಡುಕಿ ಓದುತ್ತಾನೆ. ತನ್ನ ಭಾಷೆಯ ಚರಿತ್ರೆಯನ್ನು ಅವನು ನೆಕ್ಕರ್ ದಂಡೆಯಲ್ಲಿ ಕಲಿಯಲು ಶುರುಮಾಡಿದರೆ ಅದಕ್ಕೆ ತಕರಾರು ಏಕೆ?

ಇವನ್ನೆಲ್ಲ ಅಂತರ್ಜಾಲದಲ್ಲೇ ನೋಡಬಹುದಲ್ಲ ಎಂಬ ಮಾತು ಉಳಿಯಿತು. ಮೀಷರನ ಪ್ರಯೋಗಾಲಯದ ಚಿತ್ರ ಖಂಡಿತ ಸಿಗುತ್ತದೆ. ಆ ಕೋಣೆ ಎಷ್ಟು ಚಿಕ್ಕದು ಎಂಬುದು ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಗೋಡೆ ಎಷ್ಟು ದಪ್ಪ, ಕಿಟಕಿಯಿಂದ ಬರುವ ಬೆಳಕು ಎಷ್ಟು ಕಡಿಮೆ, ವಿದ್ಯುತ್ತಿಲ್ಲದ ಕಾಲದಲ್ಲಿ ಅಲ್ಲಿ ಕೂತು ಕೀವು ತೊಳೆಯಲು ಎಂಥ ಹಟ ಬೇಕಿತ್ತು ಎಂಬುದು ಅಲ್ಲಿ ನಿಂತಾಗ ಮೈಗೆ ತಿಳಿಯುತ್ತದೆ. ತಮ್ಮ ಕಾಲೇಜಿನ ಲ್ಯಾಬಿನಲ್ಲಿ ಆ ಯಂತ್ರವಿಲ್ಲ, ಈ ಸೌಲಭ್ಯವಿಲ್ಲ ಎಂದು ಕೊರಗುವ ವಿದ್ಯಾರ್ಥಿಗೆ ಆ ಕೋಣೆ ಏನನ್ನೋ ಹೇಳುತ್ತದೆ.

ಈಗ ಆ ಕಡೆ ಇರುವ ನಮ್ಮ ಮಕ್ಕಳಿಗೆ ಒಂದು ಮಾತು. ಟ್ಯೂಬಿಂಗೆನ್ ದೂರವಾಯಿತು ಅನ್ನಿಸಿದರೆ ಸ್ಟುಟ್‌ಗಾರ್ಟಿನಿಂದ ಎಸ್-ಬಾನ್ ಲೋಕಲ್ ರೈಲು ಹತ್ತಿ ಎಸ್ಲಿಂಗೆನ್‌ನಲ್ಲಿ ಇಳಿಯಿರಿ. ಕಾಲು ಗಂಟೆಯ ದಾರಿ. ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಕೆಳಗೆ ಅದೇ ನೆಕ್ಕರ್. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೋಗ್ಲಿಂಗರು 1881ರಲ್ಲಿ ಕಣ್ಣು ಮುಚ್ಚಿದ್ದು ಆ ಊರಿನಲ್ಲಿ. ಐದನೆಯವರನ್ನು ಈಗಲೇ ಹುಡುಕಿಕೊಳ್ಳಿ.